ನೆರಳು ಬೇಡದ ಅಕ್ಷರ

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಸಾರಿನ ವಾಸನೆಗಿಂತ ಮೊದಲು ಟರ್ಪೆಂಟೈನ್ ವಾಸನೆ ಬರುತ್ತಿತ್ತು. ಬೈಲಹೊಂಗಲದ ಪೇಟೆಯಿಂದ ಎರಡು ಓಣಿ ಒಳಗೆ ನಮ್ಮ ಮನೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಅಂಗಡಿ, ಗಿರಣಿ, ಶಾಲೆಗಳಿಗೆ ಬೋರ್ಡು ಬರೆಯುತ್ತಿದ್ದರು. ಪಡಸಾಲೆಯ ಅರ್ಧ ಭಾಗ ತಗಡುಗಳಿಗೆ, ಬಣ್ಣದ ಡಬ್ಬಿಗಳಿಗೆ; ಉಳಿದ ಅರ್ಧ ನಮಗೆ. ಬೆಳಿಗ್ಗೆ ರೊಟ್ಟಿ ಬಡಿದು, ಅತ್ತೆಯವರಿಗೆ ಚಹಾ ಕೊಟ್ಟು, ಒಲೆಯ ಬೂದಿ ತೆಗೆದಾದ ಮೇಲೆ ನಾನೂ ಸೆರಗು ಬಿಗಿದು ಒಂದು ಕುಂಚ ಹಿಡಿಯುತ್ತಿದ್ದೆ.

ಅಕ್ಷರ ಅವರದು, ನೆರಳು ನನ್ನದು. ಆಗಿನ ಬೋರ್ಡುಗಳನ್ನು ನೋಡಿದವರಿಗೆ ಗೊತ್ತು, ಅಕ್ಷರ ಬರೆದಾದ ಮೇಲೆ ಅದರ ಮಗ್ಗುಲಿಗೆ ಇನ್ನೊಂದು ಬಣ್ಣದ ಅಂಚು ಎಳೆದರೆ ಅದು ತಗಡಿನಿಂದ ಎದ್ದು ನಿಂತ ಹಾಗೆ ಕಾಣುತ್ತದೆ. ಅದಕ್ಕೆ ನೆರಳು ಬಿಡುವುದು ಎನ್ನುತ್ತಿದ್ದೆವು. ನಾನು ಎಡಚಿ. ತವರಲ್ಲಿ ಆ ಕೈಗಾಗಿ ಎಷ್ಟು ಏಟು ತಿಂದಿದ್ದೆನೋ, ಗಂಡನ ಮನೆಯಲ್ಲಿ ಅದೇ ಕೈ ಉಪಯೋಗಕ್ಕೆ ಬಂತು. ನಮ್ಮ ಕಡೆಯ ಬೇರೆ ಪೇಂಟರುಗಳ ನೆರಳು ಅಕ್ಷರದ ಬಲಕ್ಕೆ ಬಿದ್ದರೆ ನಮ್ಮ ಬೋರ್ಡಿನದು ಎಡಕ್ಕೆ ಬೀಳುತ್ತಿತ್ತು. ಸಂಪಗಾಂವದ ಕಿರಾಣಿ ಅಂಗಡಿಯಾಗಲಿ, ಕಿತ್ತೂರಿನ ಹಿಟ್ಟಿನ ಗಿರಣಿಯಾಗಲಿ, ಇದು ನಮ್ಮ ಮನೆಯಿಂದ ಹೋದದ್ದು ಎಂದು ರಸ್ತೆಯ ಆಚೆಯಿಂದಲೇ ಹೇಳಬಹುದಿತ್ತು. ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ಅವರ ಹೆಸರು ಇರುತ್ತಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ, ಬೇಕೆಂದು ಅನಿಸಿಯೂ ಇರಲಿಲ್ಲ. ನೆರಳು ಇತ್ತಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಮೈದುನನ ಮದುವೆಯಾಯಿತು. ಅವನು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಬಣ್ಣದ ಗೊಡವೆಗೆ ಬಂದವನಲ್ಲ. ಹುಡುಗಿ ಸವದತ್ತಿಯವಳು, ಬಡಿಗರ ಮಗಳು. ನಮ್ಮದೂ ಬಡಿಗರ ಮನೆತನವೇ, ಆದರೆ ಮಾವನವರ ಕಾಲಕ್ಕೇ ಉಳಿ ಹೋಗಿ ಕುಂಚ ಬಂದಿತ್ತು. ಅವಳ ತಂದೆ ಇನ್ನೂ ಬಾಗಿಲು, ಚೌಕಟ್ಟು ಮಾಡುತ್ತಿದ್ದರು. ಹೊಸ ನೆಗೆಣ್ಣಿ ಸಣ್ಣ ಕೈ, ಸಣ್ಣ ದನಿಯ ಹುಡುಗಿ. ಅನ್ನ ಬಡಿಸಿದರೂ ತಾಟಿನ ನಡುವೆ ಸರಿಯಾಗಿ ಗುಂಡಗೆ ಬಡಿಸುತ್ತಿದ್ದಳು. ಒಣಹಾಕಿದ ಬಟ್ಟೆಯ ಅಂಚುಗಳು ಒಂದೇ ಗೆರೆಯಲ್ಲಿ ಇರಬೇಕು. ಅತ್ತೆಯವರು ಓಣಿಯ ಹೆಂಗಸರಿಗೆ ಅದನ್ನೇ ತೋರಿಸುವರು. ಹತ್ತು ವರ್ಷ ನಾನು ಒಣಹಾಕಿದ ಬಟ್ಟೆಯನ್ನು ಅವರು ಯಾರಿಗೂ ತೋರಿಸಿರಲಿಲ್ಲ.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವುದಿಲ್ಲ, ನೇರ ಮಾತಾಡುವುದಂತೂ ಇಲ್ಲ. ಅವರು ಪಡಸಾಲೆಯಲ್ಲಿದ್ದರೆ ಇವಳು ಅಡುಗೆಮನೆಯ ಬಾಗಿಲ ಹಿಂದೆ. ಹೇಳಬೇಕಾದ್ದು ಏನಿದ್ದರೂ ನನ್ನ ಬಾಯಿಂದಲೇ ಹೋಗಬೇಕು, ನನ್ನ ಬಾಯಿಂದಲೇ ಬರಬೇಕು. ಮಧ್ಯದ ಅಂತರ ಐದು ಹೆಜ್ಜೆ. ಅವರ ದನಿ ಇವಳಿಗೆ ಕೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ನಾನು ಹೋಗಿ ಹೇಳುವವರೆಗೆ ಕೇಳಿಲ್ಲವೆಂದೇ ಲೆಕ್ಕ.

ಆ ಮಳೆಗಾಲದಲ್ಲಿ ಒಂದು ದಿನ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ನಮ್ಮ ಮನೆಗೆ ಬಂದರು. ದಪ್ಪ ದೇಹದ, ನಗುಮುಖದ ಮನುಷ್ಯ. ಮೂರು ಕಂಬಗಳಿಗೆ ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಮೂರು ಬೋರ್ಡು ಬೇಕಿತ್ತು. ಮನೆಯವರು ಮಾದರಿಗೆಂದು ಒಂದನ್ನು ತಮ್ಮ ಪದ್ಧತಿಯಂತೆ ಬರೆದಿಟ್ಟಿದ್ದರು. ಒಂದು ಕಡೆ ದಪ್ಪವಾಗಿ ಇಳಿದು ಇನ್ನೊಂದು ಕಡೆ ಕೂದಲೆಳೆಯಷ್ಟು ಸಣ್ಣಗಾಗುವ ಗೆರೆ, ಗಿಳಿಯ ಕೊಕ್ಕಿನಂತೆ ಬಾಗಿದ ತಲೆಕಟ್ಟು, ಕೊನೆಗೊಂದು ಬಳುಕು. ಮಗ್ಗುಲಿಗೆ ನನ್ನ ನೆರಳು.

ಕಂಟ್ರೋಲರ್ ಚಹಾ ಕುಡಿಯುತ್ತ ಅದನ್ನು ಬಹಳ ಹೊತ್ತು ನೋಡಿದರು.

"ಚಂದ ಐತ್ರಿ, ಇಲ್ಲ ಅನ್ನೂದಿಲ್ಲ. ಹೂವಿನ ಬಳ್ಳಿ ಇದ್ದಂಗೈತಿ. ಆದ್ರ ಬಳ್ಳಿ ಹತ್ತಿ ಯಾರು ರಾಮದುರ್ಗಕ್ಕ ಹೋಗ್ತಾರ್ರಿ? ದಿನಾ ಬೆಳಗಾದ್ರ ಮಂದಿ ನನ್ನ ಟೇಬಲ್ಲಿಗೇ ಬಂದು ಕೇಳ್ತಾರ, ಗಾಡಿ ಎಲ್ಲಿ ನಿಂದರತೈತಿ ಅಂತ. ಗೇಟಿನಾಗ ಕಾಲಿಟ್ಟ ಕೂಡ್ಲೆ ಓದಾಕ ಬರಬೇಕು. ಹಂಗ ಬರೀರಿ."

ಮನೆಯವರ ಮುಖ ಸಣ್ಣದಾಯಿತು. ಎರಡು ದಿನ ಗೀಚಿದರು, ಅಳಿಸಿದರು. ದೊಡ್ಡದಾಗಿ ಬರೆದರೂ ಬಳ್ಳಿ ದೊಡ್ಡದಾಯಿತೇ ಹೊರತು ಬೇರೇನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾನು ನೀರು ತುಂಬಿಕೊಂಡು ಬಂದಾಗ ಹಿತ್ತಲ ಬಾಗಿಲ ಬಳಿಯ ಹಾಸುಗಲ್ಲಿನ ಮೇಲೆ ನೆಗೆಣ್ಣಿ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಕಪ್ಪಿನ ಕೆಳಗಿಡುವ ಚಹಾದ ಬಸಿ, ತನ್ನ ಮದುವೆಯ ಕುಂಕುಮದ ಭರಣಿಯ ಮುಚ್ಚಳ, ಕೈಯಲ್ಲಿ ಸೀಮೆಸುಣ್ಣದ ಖಡು. ಬಸಿಯನ್ನು ಕವುಚಿ ಸುತ್ತ ಗೆರೆ ಎಳೆದಳು. ಅದರ ನಡುವೆ ಮುಚ್ಚಳ ಇಟ್ಟು ಇನ್ನೊಂದು ಗೆರೆ. ಎರಡರ ನಡುವಿನದನ್ನು ಖಡುವಿನಿಂದ ತುಂಬಿದಳು. ಮೇಲೆ ತಲೆಕಟ್ಟಿಗೆ ಒಂದು ನೆಟ್ಟನೆಯ ತುಂಡು, ಕೊಕ್ಕಿಲ್ಲ, ಬಾಲವಿಲ್ಲ, ಕಟ್ಟಿಗೆ ಕೊಯ್ದ ಹಾಗೆ. 'ರ' ಆಯಿತು. ಪಕ್ಕದಲ್ಲಿ ಕಮಾನಿನಂಥ 'ಗ', ಎರಡು ಕಾಲು ನೆಲಕ್ಕೆ ಚಪ್ಪಟೆಯಾಗಿ ಊರಿಕೊಂಡದ್ದು. ಎಲ್ಲಿ ಅಳೆದರೂ ಗೆರೆಯ ದಪ್ಪ ಒಂದೇ.

"ಅಕ್ಕಾ, ಇದನ್ನ ಭಾವಾರಿಗೆ ತೋರಸ್ರೀ?" ಎಂದಳು. "ನಮ್ಮಪ್ಪ ಬಾಗಲಾ ಮಾಡೂಮುಂದ ಒಂದ್ ಮಾತು ಹೇಳ್ತಾನ, ದೂರದಿಂದ ನೋಡವ್ರಿಗೆ ಚಿತ್ತಾರ ಕಾಣೂದಿಲ್ಲ, ಚೌಕಟ್ಟ ಕಾಣತೈತಿ ಅಂತ."

"ಅವರಿಗೆ ಈಗ ಪುರಸೊತ್ತಿಲ್ಲ. ಆಮೇಲೆ ಹೇಳ್ತೇನಿ" ಎಂದೆ.

ಕೊಡ ಒಳಗೆ ಒಯ್ದು ಇಳಿಸಿದೆ. ಆ ಅಕ್ಷರ ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು, ಅದು ಹೂವಿನಂತೆ ಕಾಣುವುದಿಲ್ಲ, ಕಲ್ಲಿನಂತೆ ಕಾಣುತ್ತದೆ. ಗೇಟಿನಿಂದಲ್ಲ, ಅದರಾಚೆಯ ಹೋಟೆಲಿನಿಂದಲೂ ಓದಬಹುದು. ಇನ್ನೊಂದೂ ಗೊತ್ತಾಗಿತ್ತು. 'ಗ'ದ ಕಾಲುಗಳ ಪಕ್ಕದಲ್ಲಿ 'ರ' ಸ್ವಲ್ಪ ಕುಳ್ಳಗೆ ಕಾಣುತ್ತಿತ್ತು. ಅಳತೆಯಲ್ಲಿ ಎರಡೂ ಸಮ. ಆದರೆ ಗುಂಡಗಿನದು ಗೀಟಿಗೆ ಒಂದೇ ಬಿಂದುವಿನಲ್ಲಿ ತಾಗುತ್ತದಲ್ಲ, ಕಣ್ಣಿಗೆ ಅದು ಕುಗ್ಗಿದಂತೆ. ಹತ್ತು ವರ್ಷ ಅಕ್ಷರದ ಅಂಚಿನಲ್ಲೇ ಬದುಕಿದ ನನ್ನ ಕಣ್ಣಿಗೆ ಅದು ತಕ್ಷಣ ಕಂಡಿತು, ಬಡಿಗರ ಮಗಳಿಗೆ ಕಾಣಲಿಲ್ಲ. ನಾನು ಹೇಳಲಿಲ್ಲ.

ಮನೆಯವರಿಗೂ ಹೇಳಲಿಲ್ಲ. ಆದರೆ ಸಂಜೆ ಅವರು ಕೈಕಾಲು ತೊಳೆಯಲು ಹೊರಗಿನಿಂದಲೇ ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ತುಳಿದು ಅಳಿಸಬಾರದೆಂದು ಹಾಸುಗಲ್ಲು ದಾಟದೆ, ಕೆಸರಲ್ಲಿ ಸುತ್ತು ಹಾಕಿಕೊಂಡು ಮುಂಬಾಗಿಲಿಗೆ ಬಂದರು.

"ಯಾರು ಬರ್ದದ್ದದು?"

"ಆಕಿ."

"ಆಕಿಗೆ ಹೇಳು, ಇಂಥಾ ಅಕ್ಷರ ನಾನು ಹುಬ್ಬಳ್ಳ್ಯಾಗೂ ನೋಡಿಲ್ಲ ಅಂತ. ಕೈಯಾಗ ಅಳತಿ ಐತಿ ಅಂತ ಹೇಳು. ಮೂರೂ ಬೋರ್ಡು ಇದರಾಗ ಮಾಡೂಣು ಅಂತ ಹೇಳು."

ಐದು ಹೆಜ್ಜೆ ನಡೆದು ಅಡುಗೆಮನೆಗೆ ಹೋದೆ. ಅವಳು ಬಾಗಿಲ ಹಿಂದೆ ಸೆರಗು ಹಿಡಿದು ನಿಂತಿದ್ದಳು.

"ನಡೀತೈತಿ ಅಂದ್ರು" ಎಂದೆ.

ಅಷ್ಟಕ್ಕೇ ಅವಳ ಮುಖ ಅರಳಿತು. ಹತ್ತು ವರ್ಷದಲ್ಲಿ ನನ್ನ ನೆರಳಿನ ಬಗ್ಗೆ ಅವರು ಆಡಿದ ಮಾತು ನೆನಪಿಸಿಕೊಂಡೆ. "ಆತೇನು?" ಎಂದು ಕೇಳುತ್ತಿದ್ದರು. "ಆತು" ಎನ್ನುತ್ತಿದ್ದೆ.

ಮುಂದಿನ ಎಂಟು ದಿನ ನಮ್ಮ ಪಡಸಾಲೆಯಲ್ಲಿ ಬಸಿ ಚಹಾಕ್ಕೆ ಸಿಗಲಿಲ್ಲ. ಅವರು ಹೊರಗೆ ಹೋದಾಗ ಇವಳು ಬಂದು ಹಳದಿ ಬಳಿದ ತಗಡಿನ ಮೇಲೆ ಗೀಟು ಹಾಕುವಳು. ಅವರು ಬಂದಮೇಲೆ ಕಪ್ಪು ಬಣ್ಣ ತುಂಬುವರು. ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಒಂದೇ ಅಕ್ಷರ ಬರೆಯುತ್ತಿದ್ದರು. ನಡುವೆ ನಾನು. "ಮ-ದ ಹೊಟ್ಟಿ ಎಷ್ಟು ಅಗಲ ಅಂತ ಕೇಳು." "ಎರಡು ಬೆರಳು ಅಂತ ಹೇಳ್ರಿ." "ಒತ್ತಕ್ಷರ ಕೆಳಗ ಇಳದು ಬಿಗಿ ಆಕ್ಕಾವೇನು ಅಂತ ಕೇಳು." "ಸ್ವಲ್ಪ ಸಣ್ಣ ಮಾಡೂದು, ದಪ್ಪ ಮಾತ್ರ ಅದ ಇರಲಿ ಅಂತ ಹೇಳ್ರಿ." ರೊಟ್ಟಿ ಬಡಿಯುತ್ತ, ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕುತ್ತ, ಅವರಿಬ್ಬರ ಮಾತನ್ನು ಹೊತ್ತು ತಿರುಗಿದೆ. ನನ್ನ ಕುಂಚ ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ತಲೆಕೆಳಗಾಗಿ ನಿಂತಿತ್ತು.

ನಾಗರಪಂಚಮಿ ಬಂತು. ಸವದತ್ತಿಯಿಂದ ಅವಳ ಅಣ್ಣ ತವರಿಗೆ ಕರೆಯಲು ಬಂದ. ಕಿತ್ತೂರಿನಿಂದ ನಮ್ಮ ಅಣ್ಣ, ಹೊಲದಲ್ಲಿ ಎಡೆ ಹೊಡೆಯುವ ಕೆಲಸವಿದೆ, ಈ ಸಲ ಆಗುವುದಿಲ್ಲ ಎಂದು ಹೇಳಿಕಳಿಸಿದ್ದ. ನಾನು ಅವಳ ಡಬ್ಬಿಗೆ ಶೇಂಗಾ ಉಂಡಿ, ಎಳ್ಳುಂಡಿ ತುಂಬಿಕೊಟ್ಟೆ. ಹೊಸ್ತಿಲು ದಾಟುವಾಗ ಅವಳು ನನ್ನ ಕೈ ಹಿಡಿದಳು.

"ಅಕ್ಕಾ, ಒಂದ್ ಮಾತು ಭಾವಾರಿಗೆ ಮರೀಲಾರ್ದ ಹೇಳ್ರಿ. ಈ ಅಕ್ಷರಕ್ಕ ನೆರಳು ಬ್ಯಾಡ. ಒಳಗಿನ ಜಾಗಾ ಭಾಳ ಸಣ್ಣದೈತಿ, ನೆರಳು ಬಿಟ್ರ ಮುಚ್ಚಿಕೊಂಡ ಹೋಗತೈತಿ."

"ಹೂಂ, ಹೇಳ್ತೇನಿ. ನೀ ಹೋಗಿ ಬಾ."

ಆ ಮಾತು ಅವಳು ನೋಯಿಸಲು ಆಡಿದ್ದಲ್ಲ. ಸೌದೆ ಹಸಿ ಇದೆ, ಒಲೆಗೆ ಬೇಡ ಎನ್ನುವಷ್ಟು ಸರಳವಾಗಿ ಆಡಿದಳು. ಆದರೆ ನನಗೆ ಕೇಳಿಸಿದ್ದು, ಇನ್ನು ಈ ಪಡಸಾಲೆಯಲ್ಲಿ ನಿನಗೆ ಕೆಲಸವಿಲ್ಲ ಎಂದು.

ಮರುದಿನ ಮನೆಯವರು ಸಂಪಗಾಂವದ ಶಾಲೆಯ ಗೋಡೆ ಬರೆಯಲು ಹೊರಟಿದ್ದರು. ಸೈಕಲ್ ಹತ್ತುತ್ತ ಕೇಳಿದರು: "ಬೋರ್ಡು ಒಣಗ್ಯಾವ. ನೆರಳಿಂದು ಏನರೆ ಹೇಳಿ ಹೋದಳೇನು ಆಕಿ?"

"ಏನೂ ಹೇಳಿಲ್ಲ" ಎಂದೆ.

"ಹಂಗಾರ ಯಾವಾಗಿನಂಗ ನೀ ಬಿಟ್ಟುಬಿಡು."

ಆ ಮಧ್ಯಾಹ್ನ ಓಣಿಯ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಹುಡುಗಿಯರು ಕಿರುಚುತ್ತಿದ್ದರು. ಅತ್ತೆಯವರು ಮಲಗಿದ್ದರು. ನಾನು ಕೆಂಪು ಡಬ್ಬಿ ತೆರೆದು ಎಡಗೈಯಲ್ಲಿ ಕುಂಚ ಹಿಡಿದೆ. ಒಂದೊಂದು ಗುಂಡಿನ ಹೊರಗೂ ಒಳಗೂ ನೆರಳು ಬಿಟ್ಟೆ. ಒಳಗಿನ ಹಳದಿ ಕಡಿಮೆಯಾಗುತ್ತ ಬಂದದ್ದು ಕಂಡಿತು. 'ರ'ದ ಕಣ್ಣು ಕಡಲೆಕಾಳಿನಷ್ಟಾಯಿತು, 'ಮ'ದ ಹೊಟ್ಟೆ ತುಂಬಿಹೋಯಿತು. ಆದರೂ ಕೈ ನಿಲ್ಲಲಿಲ್ಲ. ಒಂದು ಮೊಳದ ದೂರದಿಂದ ನೋಡಿದರೆ ಅಷ್ಟು ಚೊಕ್ಕ ನೆರಳನ್ನು ನಾನು ಅದಕ್ಕೆ ಮೊದಲು ಬಿಟ್ಟಿರಲಿಲ್ಲ. ಒಂದು ಮೊಳಕ್ಕಿಂತ ದೂರ ಹೋಗಿ ನಾನು ನೋಡಲಿಲ್ಲ. ಮನೆಯವರು ತಿರುಗಿ ಬಂದದ್ದು ದೀಪ ಹಚ್ಚಿದ ಮೇಲೆ. ಮುಂಜಾನೆ ಕತ್ತಲಲ್ಲೇ ಬೋರ್ಡುಗಳನ್ನು ಗೋಣಿಯಲ್ಲಿ ಸುತ್ತಿ ಒಯ್ದು ಸ್ಟ್ಯಾಂಡಿನಲ್ಲಿ ಕೊಟ್ಟುಬಂದರು.

ನಾಲ್ಕು ದಿನ ಬಿಟ್ಟು ನೆಗೆಣ್ಣಿ ಬರುವವಳಿದ್ದಳು. ಗಂಟು ಹಿಡಿಯಲು ಒಬ್ಬರು ಬೇಕು ಎಂದು ಹೇಳಿ ನಾನೇ ಸ್ಟ್ಯಾಂಡಿಗೆ ಹೋದೆ. ನಿಜಕ್ಕೆ ಬೋರ್ಡು ನೋಡಬೇಕಿತ್ತು. ಗೇಟಿನಲ್ಲಿ ನಿಂತು ಕಣ್ಣೆತ್ತಿದೆ. ಮೂರು ಕಂಬದ ಮೇಲೆ ಮೂರು ಹಳದಿ ತಗಡು, ಅದರ ಮೇಲೆ ಕಪ್ಪು-ಕೆಂಪು ಮುದ್ದೆಗಳ ಸಾಲು. ಯಾವುದು ಯಾವ ಊರು ಎಂದು, ನೆರಳು ಬಿಟ್ಟ ನನಗೇ ತಿಳಿಯಲಿಲ್ಲ. ನನ್ನ ಮಗ್ಗುಲಲ್ಲೇ ಒಬ್ಬ ಮುದುಕಿ ಗಂಟು ಹೊತ್ತು ನಿಂತಿದ್ದಳು.

"ತಂಗೀ, ಮುನವಳ್ಳಿಗೆ ಹೋಗಬೇಕಾಗಿತ್ತವಾ. ಸವದತ್ತಿ ಗಾಡಿ ಯಾ ಕಂಬಕ್ಕ ಬರತೈತಿ?"

"ಗೊತ್ತಿಲ್ಲವ್ವಾ" ಎಂದೆ.

ಅಷ್ಟರಲ್ಲಿ ಕಂಟ್ರೋಲರ್ ನನ್ನನ್ನು ಗುರುತಿಸಿದರು. "ಏನ್ರಿ ಬಾಯಾರ, ನೀವೂ ಕಂಬಾ ಹುಡಕಾಕ ಹತ್ತೀರೇನು? ಮದಲಿನ ಬಳ್ಳಿನ ಚಲೋ ಇತ್ತಲ್ರಿ. ಇದು ಒಲಿಮ್ಯಾಗ ಹತ್ತಿದ ರೊಟ್ಟಿ ಆಗೇತಿ. ತಗೊಂಡ ಹೋಗಾಕ ಹೇಳ್ರಿ ನಿಮ್ಮ ಮನಿಯವರಿಗೆ."

ಅವರ ಮಾತು ಮುಗಿಯುವ ಮೊದಲೇ ಸವದತ್ತಿಯ ಗಾಡಿ ಬಂತು. ನೆಗೆಣ್ಣಿ ಇಳಿದಳು. ತಲೆ ತುಂಬ ಹೂವು, ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೊಂದು ಗಂಟು. ಬಿಚ್ಚಿ ತೋರಿಸಿದಳು: ಅವಳ ಅಪ್ಪ ಕೊಟ್ಟ ಹಿತ್ತಾಳೆಯ ಕೈವಾರ, ಮೂಲೆ ನೋಡುವ ಕಬ್ಬಿಣದ ಪಟ್ಟಿ. "ಇನ್ನ ಬಸಿ ಬ್ಯಾಡ ಅಕ್ಕಾ" ಎಂದು ನಗುತ್ತ ತಲೆಯೆತ್ತಿ ಕಂಬ ನೋಡಿದಳು. ನಗು ಹಾಗೇ ನಿಂತಿತು. ನೆರಳು ಎಡಕ್ಕೆ ಬಿದ್ದಿತ್ತು. ಕೇಳುವುದೇನೂ ಉಳಿದಿರಲಿಲ್ಲ. ಮನೆಯ ತನಕ ಪಂಚಮಿಯ ಮಾತಾಡಿದಳು, ಉಗರಗೋಳದ ಅತ್ತೆ ಬಂದದ್ದು, ಜೋಳದ ಅಳ್ಳು ಹುರಿದದ್ದು. ನಾನು ಹೂಂ ಹೂಂ ಎಂದೆ.

ಸಂಜೆ ಮನೆಯವರಿಗೆ ಸುದ್ದಿ ಮುಟ್ಟಿತು. ಸ್ಟ್ಯಾಂಡಿಗೆ ಹೋಗಿ ಮೂರೂ ಬೋರ್ಡು ತಂದು ಗೋಡೆಗೆ ಒರಗಿಸಿ ಅವುಗಳ ಮುಂದೆ ಕೂತರು. ನೆಗೆಣ್ಣಿ ಹಿತ್ತಲಿನಿಂದ ಸುತ್ತಿ ಅಡುಗೆಮನೆ ಸೇರಿದಳು.

"ಆಕಿಗೆ ಕೇಳು," ಎಂದರು, ನನ್ನ ಮುಖ ನೋಡದೆ. "ಈ ಅಕ್ಷರಕ್ಕ ನೆರಳು ನಡೀತೈತಿ ಅಂತ ಆಕಿಗೆ ಅನಿಸಿತ್ತೇನು ಅಂತ ಕೇಳು."

ಆ ಐದು ಹೆಜ್ಜೆ ಅವತ್ತು ಬಹಳ ಉದ್ದವಾಗಿದ್ದವು. ಬಾಗಿಲ ಹಿಂದೆ ಅವಳು ಇನ್ನೂ ಹೂವು ತೆಗೆದಿರಲಿಲ್ಲ. ಅವರ ಮಾತು ಅವಳಿಗೆ ಕೇಳಿತ್ತು. ಆದರೂ ನಾನು ಕೇಳಿದೆ, ಶಬ್ದಕ್ಕೆ ಶಬ್ದ.

ಅವಳು ನೆಲ ನೋಡುತ್ತ ಹೇಳಿದಳು: "ಹೇಳ್ರಿ ಅಕ್ಕಾ, ನೆರಳು ಬ್ಯಾಡ ಅಂತ ಹೇಳೂದು ನಾನು ಮರತಿದ್ದೆ ಅಂತ."

ದನಿ ಸಣ್ಣದು. ಪಡಸಾಲೆಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ. ಅದನ್ನೇ ಹೊತ್ತುಕೊಂಡು ಹೋಗಿ ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ತಪ್ಪು ಅವಳ ತಲೆಗೆ, ಕುಂಚ ನನ್ನ ಕೈಗೆ. ಆದರೆ ಆ ಹುಡುಗಿಗೆ ಅಳತೆಯೂ ಇದೆ, ಹೊಸ ಅಕ್ಷರವೂ ಇದೆ, ಅತ್ತೆಯ ಮೆಚ್ಚುಗೆಯೂ ಇದೆ. ಈಗ ನನಗಿಂತ ದೊಡ್ಡ ಮನಸ್ಸೂ ಅವಳದೇ ಆಗುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಒಳ್ಳೆಯತನದಿಂದ ನಾನು ನಿಜ ಹೇಳಿದೆನೆಂದು ಯಾರೂ ತಿಳಿಯಬಾರದು.

ಪಡಸಾಲೆಗೆ ಬಂದು ಹೇಳಿದೆ: "ಆಕಿ ಹೇಳಿದ್ಲು. ಬ್ಯಾಡ ಅಂತ ಹೇಳಿದ್ಲು. ನಾನ ನಿಮಗ ಮುಟ್ಟಿಸ್ಲಿಲ್ಲ."

ಅವರು ಸಿಟ್ಟಾಗಲಿಲ್ಲ. ಬೋರ್ಡಿನ ಕಡೆ ನೋಡುತ್ತಲೇ "ನೆರಳಂತೂ ಚೊಕ್ಕ ಬಿಟ್ಟೀದಿ" ಎಂದರು. ಹತ್ತು ವರ್ಷ ಕಾದ ಮಾತು ಆ ದಿನ ಬಂತು. ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಮರುದಿನದಿಂದ ಮತ್ತೆ ಹಳದಿ, ಮತ್ತೆ ಗೀಟು. ಕಿತ್ತೂರು, ಸವದತ್ತಿ ಮುಗಿದವು. ರಾಮದುರ್ಗದ ಹೊತ್ತಿಗೆ ಮನೆಯವರಿಗೆ ಬೇರೆ ಕೆಲಸ ಬಂದು, ಬಣ್ಣ ತುಂಬುವುದು ನನ್ನ ಪಾಲಿಗೆ ಬಿತ್ತು. ಕೈವಾರದ ಗುಂಡು ಬಸಿಯ ಗುಂಡಿಗಿಂತ ಚೊಕ್ಕ, ಆದರೂ 'ರ' ಕುಳ್ಳಗೇ ಇತ್ತು. ನೆಗೆಣ್ಣಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ನಾನು ಕುಂಚವನ್ನು ಗೀಟಿನಿಂದ ಒಂದು ಜೋಳದ ಕಾಳಿನಷ್ಟು ಕೆಳಗೆ ಇಳಿಸಿದೆ.

"ಅಯ್ ಅಕ್ಕಾ, ಗೀಟು ದಾಟಿದ್ರಿ!"

"ದಾಟಬೇಕು."

"ಅಳತಿ ತಪ್ಪತೈತ್ರಿ."

"ಅಳತಿ ನಿಂದು. ಕಣ್ಣು ನಂದು. ಎದ್ದು ಹಿತ್ತಲ ಬಾಗಲಾಗ ನಿಂತು ನೋಡು."

ಅವಳು ಎದ್ದು ಹೋಗಿ ನಿಂತಳು. ಆಮೇಲೆ ಬಂದು ಒಣಗಿದ ಎರಡು ಬೋರ್ಡುಗಳನ್ನೂ ನನ್ನ ಮುಂದೆ ಸರಿಸಿ, ಅವುಗಳ ಗುಂಡುಗಳನ್ನು ಒಂದೊಂದಾಗಿ ಬೆರಳಿಂದ ತೋರಿಸಿದಳು. "ಇವಕ್ಕೂ" ಎಂದಳು. "ಮದಲ ದಿನಾನ ನಿಮಗ ಕಂಡಿತ್ತೇನ್ರಿ?"

"ಹೂಂ" ಎಂದೆ. ಸುಳ್ಳು ಹೇಳಲು ಸಾಕಾಗಿತ್ತು.

ಬೋರ್ಡುಗಳು ಮೇಲೇರಿದವು. ಗೇಟಿನಾಚೆಯ ಹೋಟೆಲಿನಲ್ಲಿ ಚಹಾ ಕುಡಿಯುವವರು ಕೂತಲ್ಲಿಂದಲೇ ಊರು ಓದಿ, ಲೋಟ ಇಟ್ಟು ಎದ್ದು ಹೋಗುತ್ತಿದ್ದರು. ಆಮೇಲೆ ಆ ಅಕ್ಷರ ನಿಲ್ಲಲಿಲ್ಲ. ಮುನವಳ್ಳಿಯ ಗೊಬ್ಬರದ ಅಂಗಡಿಗೆ, ಉಗರಗೋಳದ ಕಾಯಿ-ಕರ್ಪೂರದ ಅಂಗಡಿಗಳಿಗೆ, ಲಾರಿಯ ಹಣೆಗೆ, ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಒತ್ತಲು ತಗಡಿನಲ್ಲಿ ಕೊರೆದ ಅಚ್ಚಿಗೆ. ಮದುವೆ ಪತ್ರಿಕೆಗೆ ಮಾತ್ರ ಯಾರೂ ಕೇಳಲಿಲ್ಲ, ಅಲ್ಲಿ ಬಳ್ಳಿಯೇ ಬೇಕು. ಉಳಿದ ಎಲ್ಲರೂ ಬಂದು ಕೇಳುತ್ತಿದ್ದದ್ದು "ಆ ಸವದತ್ತಿ ಸೊಸಿ ಅಕ್ಷರದಾಗ ಬರದ ಕೊಡ್ರಿ" ಎಂದು. ಪ್ರತಿ ಸಲ ನಾನು ತಲೆಯೆತ್ತದೆ ಕುಂಚ ತೊಳೆಯುತ್ತಿದ್ದೆ. ಗೀಟು ಅವಳು ಹಾಕುವಳು, ಗೀಟು ದಾಟುವುದು ನಾನು. ಅದು ಹೊರಗಿನವರಿಗೆ ಕಾಣುವಂಥದ್ದಲ್ಲ. ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ. ಹಳೆಯ ನೆರಳಾದರೂ ಕಣ್ಣಿಗೆ ಬೀಳುತ್ತಿತ್ತು.

ಎರಡು ವರ್ಷದ ಮೇಲೆ ಒಂದು ಮದುವೆಗೆಂದು ನಾವಿಬ್ಬರೂ ರಾಮದುರ್ಗಕ್ಕೆ ಹೋದೆವು. ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಒಂದು ಬಟ್ಟೆ ಅಂಗಡಿಯ ಹೊಸ ಬೋರ್ಡು, ನಮ್ಮ ಅಕ್ಷರದ ನಕಲು. ಅಲ್ಲಿಯ ಯಾವನೋ ಪೇಂಟರ್ ಕೈವಾರ ಇಟ್ಟು, ಅಳೆದು, ಒಂದು ಕೂದಲೆಳೆಯೂ ತಪ್ಪದಂತೆ ಬರೆದಿದ್ದ. ಗುಂಡುಗಳೆಲ್ಲ ಕುಳ್ಳಗೆ, ಸಾಲಿನಲ್ಲಿ ಹಿಂದೆ ಬಿದ್ದ ಮಕ್ಕಳಂತೆ ನಿಂತಿದ್ದವು. ನನಗೆ ಒಳಗೊಳಗೇ ಸಮಾಧಾನವಾಯಿತು. ಇವಳಿಗೆ ತೋರಿಸಬೇಕು, ಹೇಳಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವಳೇ ನನ್ನ ಎಡಗೈ ಹಿಡಿದು ಎಳೆದಳು. "ನೋಡ್ರಿ ಅಕ್ಕಾ," ಎಂದಳು, "ಇವರ ಮನ್ಯಾಗ ನೀವಿಲ್ಲ."

ಆ ಮಾತನ್ನೂ ಅವಳೇ ಮೊದಲು ಆಡಿದಳು.